ಚಪ್ಪಲಿ ಬಿಟ್ಟು ಇಳಿದವಳು

ಕಳೆದ ವಾರ ನಮ್ಮ ಮನೆಗೆ ಪಾತ್ರೆ ತೊಳೆಯುವ ಹೊಸ ಸೋಪು ಬಂತು. ಹಸಿರು ಬಾಟಲಿ, ಮೇಲೆ ಅರ್ಧ ಕೊಯ್ದ ಲಿಂಬೆಯ ಚಿತ್ರ. ಕೆಲಸದ ಕಮಲಾ ಅದನ್ನು ಹಿಂಡಿ ನೊರೆ ಎಬ್ಬಿಸಿದಾಗ ಅಡುಗೆಮನೆಯೆಲ್ಲ ಒಂಥರಾ ಸಿಹಿ ಸಿಹಿ ಪರಿಮಳ. ನಾನು ಬಾಗಿಲಲ್ಲಿ ನಿಂತು ಮೂಗು ಅರಳಿಸಿದೆ, ಆಮೇಲೆ ಸುಮ್ಮನೆ ಬೇಜಾರಾಯಿತು. ಇದಲ್ಲ. ಲಿಂಬೆಯ ವಾಸನೆ ಹಣ್ಣಿನಲ್ಲಿಲ್ಲ, ಎಲೆಯಲ್ಲಿದೆ. ಎಲೆಯನ್ನು ಎರಡು ಬೆರಳ ನಡುವೆ ಹೊಸೆದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ತರಬೇಕು. ಹಾಗಂತ ನನಗೆ ತೋರಿಸಿಕೊಟ್ಟವಳು ಇಂಡಿ ಊರಿನ ಶರಣವ್ವ.

ಇಂಡಿಯಲ್ಲಿ ನಾನು ಇದ್ದದ್ದು ಒಂದೇ ವರ್ಷ. ಅದರಲ್ಲೂ ನೆನಪಾಗಿ ಉಳಿದದ್ದು ಒಂದೇ ಚಳಿಗಾಲ.

ನನ್ನ ತಂಗಿಯ ಮಗಳು ಅನಿತಾ ಪಶುವೈದ್ಯೆ. ಅವಳಿಗೆ ಇಂಡಿಗೆ ವರ್ಗವಾದಾಗ, "ಮಾವಶಿ, ನೀನೂ ಬಾ. ಧಾರವಾಡದಾಗ ಒಬ್ಬಾಕಿನ ಕೂತು ಗೋಡಿ ನೋಡೂದಕ್ಕಿಂತ ಅಲ್ಲಿ ಎಮ್ಮಿ ನೋಡು" ಅಂದಳು. ನಾನು ಕಾಲೇಜಿನಿಂದ ರಿಟೈರ್ ಆಗಿ, ನಮ್ಮವರೂ ಹೋಗಿ, ಮನೆಯಲ್ಲಿ ಗಡಿಯಾರದ ಸಪ್ಪಳ ದೊಡ್ಡದಾಗಿದ್ದ ದಿನಗಳವು. ಎರಡು ಸೂಟ್‌ಕೇಸ್ ತುಂಬಿದೆ. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಪುಸ್ತಕ.

ಬಸವನ ಬಾಗೇವಾಡಿ ದಾಟಿದ ಮೇಲೆ ಸಂಜೆಯಾಯಿತು. ಬಯಲಿನ ಅಂಚಿನಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತು, ತಲೆಯ ಮೇಲೆ ಕೆಂಪು ದೀಪ ಹೊತ್ತಿಸಿಕೊಂಡಿದ್ದವು. ಹೊತ್ತುವುದು, ಆರುವುದು, ಮತ್ತೆ ಹೊತ್ತುವುದು. ಕರಿಮಣ್ಣಿನ ಆ ನೆಲ ಕತ್ತಲಾದಂತೆ ನೀರಿನ ಹಾಗೆ ಕಾಣತೊಡಗಿತು. ನನಗೆ ಯಾವುದೋ ಸಮುದ್ರದ ದಂಡೆಗೆ ಬಂದೆನೇನೋ ಅನ್ನಿಸಿತು. ಟಯರ್ಡ್ ಆಗಿದ್ದೆ, ಅದೂ ಇರಬಹುದು.

ಶರಣವ್ವನ ತೋಟಕ್ಕೆ ಮೊದಲ ಸಲ ಹೋದದ್ದು ಅವಳ ಎಮ್ಮೆ ಈಯಲು ಕಷ್ಟಪಡುತ್ತಿದೆ ಎಂದು ಅನಿತಾಗೆ ಫೋನ್ ಬಂದಾಗ. ಊರಿಂದ ಸ್ವಲ್ಪ ಹೊರಗೆ, ಸಾಲು ಸಾಲು ಲಿಂಬೆ ಗಿಡ, ಪಕ್ಕದಲ್ಲಿ ಬಿಳಿಜೋಳದ ಹೊಲ, ನಡುವೆ ಮೆಟ್ಟಿಲಿಳಿಯುವ ಕಲ್ಲಿನ ಬಾವಿ. ತಗಡಿನ ಶೆಡ್ಡಿನ ನೆರಳಲ್ಲಿ ಮೂವರು ಹೆಂಗಸರು ಲಿಂಬೆ ಆರಿಸುತ್ತಿದ್ದರು: ಹಳದಿ ಒಂದು ಕಡೆ, ಹಸಿರು ಒಂದು ಕಡೆ, ಕಜ್ಜಿ ಬಿದ್ದದ್ದು ಇನ್ನೊಂದು ಕಡೆ. ಒಬ್ಬಳು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ಐವತ್ತರ ಹೆಂಗಸು, ತಲೆ ಒದ್ದೆ, ಕೂದಲು ಬೆನ್ನ ಮೇಲೆ ಹಾಗೇ ಬಿಟ್ಟಿತ್ತು. ಅವಳೇ ಶರಣವ್ವ.

"ಅಂಗಿ ಅವರದ್ರಿ," ಎಂದಳು, ನಾನು ನೋಡಿದ್ದನ್ನು ನೋಡಿ. "ಲಿಂಬಿ ಮುಳ್ಳು ಭಾಳ ಕೆಟ್ಟ. ಅವರು ಹೋದ ಮ್ಯಾಲೂ ಕಾಯಾಕತ್ತಾರ."

ಗಂಡ ತೀರಿಕೊಂಡು ಎರಡನೆಯ ವರ್ಷ. ಮಕ್ಕಳಿರಲಿಲ್ಲ. ಊರೊಳಗಿನ ಮನೆಗೆ ಬೀಗ ಹಾಕಿ ಅವಳು ತೋಟದಲ್ಲೇ ಒಬ್ಬಳೇ ಇದ್ದಳು. ಹುಟ್ಟಿದ್ದು ಮುದ್ದೇಬಿಹಾಳದ ಆಚೆ, ಹೊಳೆದಂಡೆಯ ಊರಿನಲ್ಲಿ. ದಿನಾ ಮಧ್ಯಾಹ್ನ ಕಚ್ಚೆ ಹಾಕಿ, ಬಾವಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ನೀರಿಗೆ ಇಳಿದು ಈಜುತ್ತಿದ್ದಳು. ಇಂಡಿಯ ಚಹಾದಂಗಡಿಗಳಲ್ಲಿ ಆಡಿಕೊಳ್ಳಲು ಇಷ್ಟು ಸಾಕಾಗಿತ್ತು.

ಎಮ್ಮೆ ಈಯಲು ಬಹಳ ಹೊತ್ತಾಯಿತು. ನಾನು ಲಿಂಬೆ ತುಂಬುವ ಒಂದು ಹಳೆ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂತು ಪುಸ್ತಕ ತೆಗೆದೆ. ರದ್ದಿಯಲ್ಲಿ ಸಿಕ್ಕ ಇಂಗ್ಲಿಷ್ ಕಾದಂಬರಿ. ಮೇಲಿನ ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ. ಹೆಸರೇನೋ, ಬರೆದವರು ಯಾರೋ ಗೊತ್ತಿಲ್ಲ.

"ಏನೈತ್ರಿ ಅದರಾಗ, ಅಕ್ಕೋರ?" ಎಂದಳು ಮಹಾದೇವಿ. ಆರಿಸುವವರಲ್ಲಿ ಚಿಕ್ಕವಳು ಅವಳು. ಪಕ್ಕದ ತೋಟದ ಸೊಸೆ, ಬಾಯಿ ಜೋರು. ನಾನು ಟೀಚರ್ ಆಗಿದ್ದೆ ಎಂದು ಕೇಳಿದ ಕ್ಷಣದಿಂದ ಅವರಿಗೆ ನಾನು ಅಕ್ಕೋರು.

"ಸಮುದ್ರದ ನಡುವೆ ಒಂದು ಲೈಟ್‌ಹೌಸ್. ಹಡಗಿಗೆ ದಾರಿ ತೋರಿಸುವ ದೀಪ. ಅದನ್ನು ಹಚ್ಚುತ್ತಿದ್ದ ತಮ್ಮ ಸತ್ತುಹೋಗುತ್ತಾನೆ. ಅಕ್ಕ ಎಡಿತ್ ಅಲ್ಲೇ ಉಳಿದು ದೀಪ ಹಚ್ಚುತ್ತಾಳೆ. ದಂಡೆಯ ಊರಿನವರು ಬಂದು ಬಂದು, ಬಾ, ಇಳಿದು ಬಾ ಅನ್ನುತ್ತಿರುತ್ತಾರೆ."

ಕೈಗಳು ನಿಂತವು. ಮೂರನೆಯವಳು ಶಾಂತಾಬಾಯಿ, ಎಲ್ಲರಿಗಿಂತ ಹಿರಿಯಳು, ದೇವರ ಭಕ್ತೆ, ಸೀರಿಯಲ್ ಭಕ್ತೆ. ಅವಳೇ ಅಂದಳು: "ಮನಸಿನಾಗ ಯಾಕ ಓದ್ತೀರಿ? ನಮಗೂ ಕೇಳಿಸ್ರಿ."

ಹಾಗೆ ಶುರುವಾಯಿತು. ಆಮೇಲೆ ಎಮ್ಮೆಯ ನೆಪ ಬೇಕಾಗಲಿಲ್ಲ. ಊಟ ಮುಗಿಸಿ ತೋಟಕ್ಕೆ ಹೋಗುವುದು, ಇಂಗ್ಲಿಷ್ ಪುಟ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋಗುವುದು. ಸಮುದ್ರ ಕಂಡವರು ಅವರಲ್ಲಿ ಯಾರೂ ಇರಲಿಲ್ಲ. ಲೈಟ್‌ಹೌಸ್ ಎಂದರೆ ಅವರಿಗೆ ಕೆಂಪು ದೀಪದ ಗಾಳಿಫ್ಯಾನು. ಹಡಗೆಂದರೆ ಸಿಂದಗಿ ರೋಡಿನ ಲಾರಿ. ನಾನು ತಿದ್ದಲಿಲ್ಲ. ತಿದ್ದುವಂಥದ್ದೇನೂ ಇರಲಿಲ್ಲ. ಎಡಿತ್ ವಾರದೊಳಗೆ ಎಡಿತವ್ವ ಆದಳು.

ನಾನು ಹೇಳಬೇಕು, ಕ್ಲಾಸ್‌ರೂಮಿನಲ್ಲಿ ಇಡೀ ಜೀವನ ಇಂಥವರ ಕ್ಯಾರೆಕ್ಟರ್ ಸ್ಕೆಚ್ ಬರೆಸಿದವಳು ನಾನು. ಮದುವೆ ಬೇಡವೆಂದವರು, ಮನೆ ಬಿಟ್ಟವರು, ಊರಿಗೆ ಬೆನ್ನು ಹಾಕಿದವರು. "ಅನ್‌ಕನ್ವೆನ್ಷನಲ್" ಎಂಬ ಶಬ್ದದ ಕೆಳಗೆ ಬೋರ್ಡಿನ ಮೇಲೆ ಗೆರೆ ಎಳೆದು, ಗಂಟೆ ಹೊಡೆದ ಕೂಡಲೇ ಕೈಯ ಚಾಕ್ ಪುಡಿ ಕೊಡವಿ, ತರಕಾರಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆ. ಅಂಥ ಒಬ್ಬಳ ಎದುರು ಕೂತು ಬಸಿಯಲ್ಲಿ ಚಹಾ ಕುಡಿದದ್ದು ಆ ಚಳಿಗಾಲವೇ.

ಓದು ಬೇಸರವಾದಾಗ ಮಹಾದೇವಿಯ ಮೊಬೈಲನ್ನು ಹಳದಿ ಲಿಂಬೆಯ ರಾಶಿಗೆ ಒರಗಿಸಿ ಸೀರಿಯಲ್ ನೋಡುತ್ತಿದ್ದೆವು. ಅದರಲ್ಲೊಬ್ಬ ದೊಡ್ಡ ಮನೆಯ ಹೆಂಗಸು, ಮಕ್ಕಳ ಮದುವೆಯಾದ ಮೇಲೆ ಮನೆ ಬಿಟ್ಟು, ಬಾಡಿಗೆ ಖೋಲಿ ಹಿಡಿದು, ಆಟೋ ಓಡಿಸಲು ಕಲಿತಿದ್ದಳು. ನಮಗೆಲ್ಲ ಅವಳ ಮೇಲೆ ಪ್ರಾಣ. ದೀಪಾವಳಿಯ ಸ್ಪೆಷಲ್ ಎಪಿಸೋಡಿನಲ್ಲಿ ಅವಳು ರೇಷ್ಮೆ ಸೀರೆ ಉಟ್ಟು ವಾಪಸು ಬಂದು, ಆರತಿ ಎತ್ತಿ, ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಶಾಂತಾಬಾಯಿ ಅಳು ಬಂದು ಲಿಂಬೆ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಉರಿ ತಾಳದೆ ನಿಜವಾಗಿ ಅತ್ತಳು.

"ಆಟೋ ಏನಾತು?" ಎಂದಳು ಶರಣವ್ವ.

"ಯಾವ ಆಟೋ?" ಎಂದಳು ಮಹಾದೇವಿ.

"ಅಕೀದು. ಬಾಗಲದಾಗ ನಿಲ್ಲಿಸಿ ಒಳಗ ಹೋದಳಲ್ಲ. ಆಮ್ಯಾಲ ಯಾರೂ ತೋರಿಸಲೇ ಇಲ್ಲ."

ಇನ್ನೊಂದು ಭಾನುವಾರ ಶಾಂತಾಬಾಯಿಯ ಮನೆಯ ಟೀವಿಯಲ್ಲಿ ಹಳೆಯ ಸಿನಿಮಾ. ಯಾರ ಹಂಗೂ ಇಲ್ಲದೆ ತನ್ನದೇ ಮನೆ ಮಾಡಿಕೊಂಡಿದ್ದ ಹಾಡುವವಳು ಕೊನೆಗೆ ಕಾವಿ ಉಟ್ಟು, ಹಿಂತಿರುಗಿ ನೋಡದೆ ಗುಡ್ಡ ಹತ್ತಿ ಹೋದಳು. ಮೋಡ, ಶಂಖ, ಶುಭಂ.

"ಛಲೋ ಆತು. ಪಾಪ ಕಳಕೊಂಡಳು," ಎಂದಳು ಶಾಂತಾಬಾಯಿ.

"ಗುಡ್ಡದ ಮ್ಯಾಲ ಅಕಿಗಿ ನೀರು ಯಾರು ಹೊತ್ತು ಹಾಕ್ತಾರಬೇ?" ಎಂದಳು ಮಹಾದೇವಿ. "ಮತ್ತ ಪಾಪ ಏನು ಮಾಡಿದ್ದಳು? ಹಾಡ್ತಿದ್ದಳು."

"ನಿನ್ನಂಥಾಕಿ ಹಾಡಿದ್ರ ಪಾಪ ಆಗತೈತಿ."

ಇಂಥ ಹೆಂಗಸರನ್ನು ಕಥೆ ಕಟ್ಟುವವರು ಒಂದೋ ಮನೆಗೆ ವಾಪಸು ತರುತ್ತಾರೆ, ಇಲ್ಲವೇ ಗುಡ್ಡ ಹತ್ತಿಸುತ್ತಾರೆ ಎಂದು ನಾನಂದೆ. "ಮತ್ತ ನಮ್ಮ ಎಡಿತವ್ವನ್ನ?" ಎಂದು ಶರಣವ್ವ ಕೇಳಿದಳು. ನಾನು ಕನ್ನಡಕ ಒರೆಸತೊಡಗಿದೆ. ಆ ಪುಸ್ತಕವನ್ನು ಮೊದಲೇ ಓದಿ ಮುಗಿಸಿದ್ದೆ. ಅದರ ಕೊನೆ ನೀರು.

ಇಲ್ಲಿ ಮಲ್ಲಪ್ಪನ ವಿಷಯ ಹೇಳಬೇಕು. ಅವನು ಶರಣವ್ವನ ಮೈದುನ, ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ಅವನ ಸಂಸಾರ. ಕೆಟ್ಟವನಲ್ಲ. ಬಂದಾಗಲೆಲ್ಲ ವೈನಿಗೆ, ಅಂದರೆ ಅತ್ತಿಗೆಗೆ, ಎಂದು ಒಂದು ಚೀಲ ಜೋಳ ತರುವವನು, ಅಣ್ಣನ ಅಂಗಿ ಕಂಡರೆ ಕಣ್ಣು ಬೇರೆ ಕಡೆ ತಿರುಗಿಸುವವನು. ಆದರೆ ತೋಟ ಇನ್ನೂ ಅಣ್ಣತಮ್ಮಂದಿರಿಬ್ಬರ ಹೆಸರಲ್ಲೇ ಇತ್ತು, ಗಂಡನ ಪಾಲು ಅವಳ ಹೆಸರಿಗೆ ಬಂದಿರಲಿಲ್ಲ. ಅವನು ಒಪ್ಪಿದರಷ್ಟೇ ಶರಣವ್ವ ಅಲ್ಲಿರಬಹುದಿತ್ತು. ಅವನು ಒಲ್ಲೆನೆಂದರೆ ಆ ಗಿಡ, ಆ ಬಾವಿ ಯಾವುದೂ ಅವಳಿಗಿಲ್ಲ.

"ವೈನಿ, ಮಂದಿ ಮಾತಾಡ್ತಾರ್ರಿ," ಎನ್ನುತ್ತಿದ್ದ. "ಹೆಣ್ಣಾಳು ಒಬ್ಬರ ತೋಟದಾಗ ಇರೂದು, ಬಾವ್ಯಾಗ ಈಜೂದು… ನಾ ಚಹಾ ಕುಡ್ಯಾಕ ಕುಂತ್ರ ನನ್ನ ಮಾರಿ ನೋಡಿ ನಗ್ತಾರ. ನಮ್ಮನ್ಯಾಗ ನಿಮಗೊಂದು ಖೋಲಿ ಖಾಲಿ ಮಾಡೇನಿ. ಎಳ್ಳಮಾಸಿಗೆ ಚರಗ ಚೆಲ್ಲಿ, ತೋಟ ಯಾರಿಗರ ಗುತ್ತಿಗಿಗೆ ಕೊಟ್ಟು, ನಮ್ಮ ಜೋಡಿ ಬಂದುಬಿಡ್ರಿ."

"ನೋಡೂಣು, ಮಲ್ಲಪ್ಪ," ಎನ್ನುತ್ತಿದ್ದಳು ಅವಳು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಆಮೇಲೆ ಬಾವಿಗೆ ಇಳಿದು, ಅಂದು ಎಂದಿಗಿಂತ ಹೆಚ್ಚು ಹೊತ್ತು ಈಜುತ್ತಿದ್ದಳು. ಕಟ್ಟೆಯ ಮೇಲೆ ಕೂತ ನನಗೆ ಕೆಳಗಿನಿಂದ ನೀರಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಕಲ್ಲಿನ ಗೋಡೆಯ ಮೇಲೆ ಬೆಳಕಿನ ಬಳೆಗಳು ಅಲುಗುತ್ತಿದ್ದವು.

ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ನಾನು ಓದುವುದನ್ನು ನಿಧಾನ ಮಾಡಿದೆ. ಎಡಿತ್ ತಮ್ಮನಿಗೆ ಈಜು ಕಲಿಸಿದ ಬಾಲ್ಯದ ಅಧ್ಯಾಯವನ್ನು ಇನ್ನೊಮ್ಮೆ ಓದಿದೆ. ಬಿರುಗಾಳಿಯ ವರ್ಣನೆಯನ್ನು ಸಾಲು ಸಾಲು ಬಿಡಿಸಿ ಹೇಳಿದೆ. ಮನೆಯಲ್ಲಿ ಅನಿತಾಗೆ ನನ್ನ ಪೇಚಾಟ ಹೇಳಿದರೆ ಅವಳು ನಕ್ಕುಬಿಟ್ಟಳು. "ಎಂಡಿಂಗ್ ಚೇಂಜ್ ಮಾಡು ಮಾವಶಿ. ಲಗ್ನಾ ಮಾಡಿಸು ಬೇಕಾದ್ರ. ಅವರೇನು ಇಂಗ್ಲಿಷ್ ಓದಿ ನೋಡ್ತಾರೇನು?"

ಆಗಲಿಲ್ಲ. ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನ ಬೆನ್ನು ನೆಟ್ಟಗೆ ಮಾಡಿದ್ದಷ್ಟೇ ಅಲ್ಲ, ಪುಟದಲ್ಲಿ ಇಲ್ಲದ್ದನ್ನು ಓದಬಾರದೆಂದೂ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಆ ಪೆಟ್ಟು ಈಗಲೂ ಅಲ್ಲೇ ಇದೆ.

ಕೊನೆಯ ಅಧ್ಯಾಯ ಓದಿದ ಮಧ್ಯಾಹ್ನ, ಅಮಾವಾಸ್ಯೆಗೆ ಇನ್ನು ಒಂದೆರಡು ದಿನವಿತ್ತು. ಚೀಲ ಹೇರಿಸಲು ಮಲ್ಲಪ್ಪನೂ ಬಂದಿದ್ದ. ಗಾಡಿ ತಡವಾಯಿತು. ಅವನು ಶೆಡ್ಡಿನ ಕಂಬಕ್ಕೆ ಒರಗಿ ನಿಂತು, ಕೇಳುವುದಿಲ್ಲವೆಂಬಂತೆ ಕೇಳುತ್ತಿದ್ದ.

ನಾನು ಓದಿದೆ. ಊರಿನವರು ದೋಣಿಯಲ್ಲಿ ಬರುತ್ತಾರೆ, ಎಡಿತ್‌ಳನ್ನು ಕರೆದುಕೊಂಡೇ ಹೋಗುವುದೆಂದು. ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾರೆ. ದೀಪ ಉರಿಯುತ್ತಿದೆ, ಗಾಜು ಒರೆಸಿ ಥಳಥಳ ಮಾಡಿದೆ. ಅವಳಿಲ್ಲ. ಕೆಳಗೆ ಬಂಡೆಯ ಮೇಲೆ ಅವಳ ಬೂಟುಗಳು ಮಾತ್ರ, ಒಂದರ ಪಕ್ಕ ಒಂದು. ಸಮುದ್ರ ಸುಮ್ಮನಿದೆ. ಮುಗಿಯಿತು.

ಜೋಳದ ಹೊಲದಲ್ಲಿ ಗಾಳಿ ಎದ್ದು ಮಲಗಿತು.

"ಅಂದ್ರ ಸತ್ತಳು," ಎಂದ ಮಲ್ಲಪ್ಪ. ಅವನ ದನಿಯಲ್ಲಿ ನಿಜವಾದ ದುಃಖವಿತ್ತು. "ಅದಕ್ಕ ನಾ ಹೇಳೂದು, ವೈನಿ. ಒಬ್ಬರ ಇದ್ರ ಹಿಂಗ ಆಗತೈತಿ. ಪುಸ್ತಕದಾಗೂ ಅದ ಬರದಾರ ನೋಡ್ರಿ."

ನಾನು ಓದಿದ್ದು ಅವಳ ಮೇಲೇ ತೀರ್ಪಾಗಿ ಬಿತ್ತಲ್ಲ ಎಂದು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ಶರಣವ್ವ ತಲೆ ಎತ್ತಲಿಲ್ಲ. ಕಜ್ಜಿ ಬಿದ್ದ ಒಂದು ಲಿಂಬೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಬರದಾಂವ ಗಂಡಸ ಇರಬೇಕು," ಎಂದಳು ಮಹಾದೇವಿ ಹಠಾತ್ತನೆ.

"ಹೆಂಗ ಹೇಳ್ತಿ?" ಎಂದ ಮಲ್ಲಪ್ಪ.

"ಅಷ್ಟು ವರ್ಷ ಇದ್ದಳಲ್ಲ ಅಲ್ಲಿ, ಒಂದಿನಾನೂ ಅಕಿ ಏನು ಅಡಿಗಿ ಮಾಡಿದಳು ಅಂತ ಬರದಿಲ್ಲ. ಕಡೀಕ ಅಕೀನ್ನ ಏನು ಮಾಡಬೇಕೋ ತಿಳೀಲಿಲ್ಲ ಅವಗ. ನೀರಿಗೆ ಹಾಕಿ ಕೈ ತೊಳಕೊಂಡ."

"ಹೆಣ್ಣೇ ಬರದಿರಬೇಕು," ಎಂದಳು ಶಾಂತಾಬಾಯಿ. "ಗಾಜು ಒರಸಿ ಇಟ್ಟಿದ್ದಳಂತ. ಗಂಡಸಿಗಿ ಅದು ಕಾಣತಿತ್ತೇನು? ಆದ್ರ ಸತ್ತದ್ದು ಖರೇ. ಜೀವಕ್ಕ ಬ್ಯಾಸರಾಗಿತ್ತು ಅಕಿಗಿ."

"ಬ್ಯಾಸರಾದಾಕಿ ಗಾಜು ಯಾಕ ಒರಸ್ತಾಳ?"

"ಸಾಯೂ ಮುಂದ ಮನಿ ಹಸನ ಮಾಡಿ ಸಾಯಬೇಕು. ನಾನೂ ಹಂಗ ಸಾಯಾಕಿ."

"ಹಂಗಾರ ನೀ ಇನ್ನ ಭಾಳ ದಿನ ಇರ್ತಿ ಬಿಡಬೇ. ನಿನ್ನ ಅಡಿಗಿಮನಿ ನೋಡೇನಿ."

ಮಲ್ಲಪ್ಪ ಅವರ ಜಗಳ ಬಿಟ್ಟು ನನ್ನ ಕಡೆ ತಿರುಗಿದ. "ಅಕ್ಕೋರ, ನೀವು ಕಲಿಸಿದಾವ್ರು. ನೀವು ಹೇಳ್ರಿ. ಸತ್ತಳೋ ಇಲ್ಲೋ?"

ಅದು ಎಡಿತ್‌ಳ ವಿಷಯವಲ್ಲವೆಂದು ನಮಗೆಲ್ಲ ಗೊತ್ತಿತ್ತು. ಕ್ಲಾಸಿನ ಮಕ್ಕಳ ಎದುರಾಗಿದ್ದರೆ ಟ್ರ್ಯಾಜಿಕ್ ಎಂಡಿಂಗ್ ಎಂದು ಬರೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಪುಸ್ತಕ ಮತ್ತೆ ತೆರೆದೆ. ಕೊನೆಯ ಸಾಲುಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಹುಡುಕಿದೆ. ಸಾವು ಎಂಬ ಶಬ್ದ ಅಲ್ಲಿರಲಿಲ್ಲ. ಹೆಣ ಇರಲಿಲ್ಲ.

"ಪುಸ್ತಕದಲ್ಲಿ ಇದ್ದದ್ದಷ್ಟೇ ಹೇಳುತ್ತೇನೆ, ಮಲ್ಲಪ್ಪ," ಎಂದೆ. "ಅವಳ ಬೂಟು ಸಿಕ್ಕವು. ಅವಳು ಸಿಗಲಿಲ್ಲ."

ಆಗ ಶರಣವ್ವ ಆ ಲಿಂಬೆಯನ್ನು ಕಜ್ಜಿಯ ರಾಶಿಗೆ ಎಸೆದು ಮಾತಾಡಿದಳು. ದನಿ ಏರಿಸಲಿಲ್ಲ.

"ತಮ್ಮಗ ಈಜು ಕಲಿಸಿದಾಕಿ ಅಲ್ಲೇನ್ರಿ ಅಕಿ?"

"ಹೌದು."

"ಈಜಾಕ ಇಳಿಯಾಕಿ ಬೂಟು ಹಾಕ್ಕೊಂಡು ಇಳೀತಾಳೇನು, ಮಲ್ಲಪ್ಪ?"

ಮಹಾದೇವಿ ಮೊದಲು ನಕ್ಕಳು. ಶಾಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಲ್ಲಪ್ಪ ಮಾತ್ರ ನಗಲಿಲ್ಲ. ಅವನು ಬಾವಿಯ ಕಡೆ ನೋಡುತ್ತಿದ್ದ. ಮೆಟ್ಟಿಲ ಮೇಲೆ, ಈಜಲು ಬಿಟ್ಟು ಮರೆತ ಶರಣವ್ವನ ಚಪ್ಪಲಿಗಳಿದ್ದವು, ಒಂದರ ಪಕ್ಕ ಒಂದು.

"ದೋಣಿ ತಗೊಂಡು ಬಂದಾವ್ರು ದಂಡಿ ಮ್ಯಾಲ ನಿಂತು ಅತ್ತರು," ಎಂದಳು ಅವಳು. "ಸ್ವಲ್ಪ ತಡೀಬೇಕಿತ್ತು. ಅಕಿ ಈಜಿ ಮುಗಿಸಿ ಬರ್ತಿದ್ದಳು."

ಗಾಡಿ ಬಂತು. ಚೀಲ ಹೇರಿದರು. ಮಲ್ಲಪ್ಪ ಗಾಡಿ ಹತ್ತಿ ಹೋದ.

ಎಳ್ಳಮಾವಾಸ್ಯೆಯ ದಿನ ಇಡೀ ಸೀಮೆ ಹೊಲದಲ್ಲಿರುತ್ತದೆ. ಅನಿತಾ ಮತ್ತು ನಾನು ಹೋಗುವಷ್ಟರಲ್ಲಿ ಮಲ್ಲಪ್ಪನ ಹೆಂಡತಿ ಬೇವಿನ ಗಿಡದ ಕೆಳಗೆ ಬುಟ್ಟಿ ಬಿಚ್ಚುತ್ತಿದ್ದಳು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ. ಜೋಳ ಎದೆಯೆತ್ತರ, ತೆನೆ ಹಾಲು ತುಂಬಿತ್ತು. ಉಣ್ಣುವ ಮೊದಲು ಚರಗ. ಎಲ್ಲ ಅಡುಗೆಯನ್ನೂ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಹೊಲದ ಯಜಮಾನ ಬೆಳೆಯ ಸುತ್ತ ಚೆಲ್ಲುತ್ತ ನಡೆಯುತ್ತಾನೆ. ಹಿಂದೆ ಒಬ್ಬರು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರುತ್ತಾರೆ. ಭೂಮಿತಾಯಿ ಬಸಿರಿ, ಅವಳ ಬಯಕೆ ತೀರಿಸುವುದು. ಮುಂದೆ ನಡೆದವನದು ಹೊಲ. ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹಿಂದಿನ ವರ್ಷ ಬುಟ್ಟಿ ಹಿಡಿದವನು ಮಲ್ಲಪ್ಪ.

ಅವನು ಈ ಸಲವೂ ಟವೆಲ್ಲನ್ನು ತಲೆಗೆ ಸುತ್ತಿ ಎದ್ದ. ಅಷ್ಟರಲ್ಲಿ ಶರಣವ್ವ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಹೊಸ ಇಳಕಲ್ ಸೀರೆ, ಅದರ ಮೇಲೆ ಅದೇ ಅಂಗಿ, ಒಗೆದು ಇಸ್ತ್ರಿ ಮಾಡಿದ್ದು. ಗಿಡದ ಬುಡದಲ್ಲಿ ಚಪ್ಪಲಿ ಬಿಟ್ಟು ಕರಿಮಣ್ಣಿಗೆ ಕಾಲಿಟ್ಟಳು.

"ಮಲ್ಲಪ್ಪ, ತಂಬಿಗಿ ನೀ ಹಿಡಿ," ಎಂದಳು.

ಅವನ ಹೆಂಡತಿ ಕಡುಬು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಅನಿತಾ ನನ್ನ ತೋಳು ಹಿಡಿದಳು. ಪಕ್ಕದ ಹೊಲದವರು ತಮ್ಮ ಚರಗ ಮುಗಿಸಿ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಮಲ್ಲಪ್ಪ ಅವರನ್ನು ನೋಡಿದ, ವೈನಿಯ ಮೈಮೇಲಿನ ಅಣ್ಣನ ಅಂಗಿ ನೋಡಿದ. ಅಂದು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಆಮೇಲೆ ಬಗ್ಗಿ, ಕಾಲಲ್ಲಿದ್ದ ಚಪ್ಪಲಿಯನ್ನು ಬಿಟ್ಟು ಅವಳ ಚಪ್ಪಲಿಯ ಪಕ್ಕದಲ್ಲಿ ಇಟ್ಟ.

"ನಡೀರಿ, ವೈನಿ," ಎಂದ. "ಬಿಸಲು ಏರಾಕತ್ತೈತಿ."

ಅವರಿಬ್ಬರೂ ಜೋಳದೊಳಗೆ ಹೋದರು. ಅವಳ ಕೈ ಎದ್ದು ಚೆಲ್ಲುವುದು, ಹಿಂದೆಯೇ ನೀರಿನ ಹನಿ ಬಿಸಿಲಲ್ಲಿ ಹೊಳೆಯುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತೆನೆಗಳ ಅಲುಗಾಟ ಮಾತ್ರ. ದೂರದಲ್ಲಿ ಗಾಳಿಫ್ಯಾನುಗಳು ನಿಧಾನ ತಿರುಗುತ್ತಿದ್ದವು. ಹಗಲಾದ್ದರಿಂದ ದೀಪ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮುಂದಿನ ಬೇಸಿಗೆಗೆ ಅನಿತಾಗೆ ಮತ್ತೆ ವರ್ಗವಾಯಿತು. ಹೊರಡುವ ದಿನ ಆ ರಟ್ಟಿಲ್ಲದ ಪುಸ್ತಕವನ್ನು ಶರಣವ್ವನ ಕೈಯಲ್ಲಿಟ್ಟೆ. "ನನಗ ಓದಾಕ ಬರೂದಿಲ್ಲಲ್ರಿ ಇದು," ಎಂದು ನಕ್ಕಳು, ಆದರೆ ವಾಪಸು ಕೊಡಲಿಲ್ಲ. ಅದರ ನಡುವೆ ಒಂದು ಲಿಂಬೆ ಎಲೆ ಇಟ್ಟು ಮುಚ್ಚಿದಳು.

ಈಗ ಹಬ್ಬ ಬಂದರೆ ನನ್ನ ಮೊಬೈಲಿಗೆ ಹೂವಿನ ಚಿತ್ರ, ದೇವರ ಚಿತ್ರ, ಗುಡ್ ಮಾರ್ನಿಂಗ್ ಎಲ್ಲ ಬಂದು ಬೀಳುತ್ತವೆ. ಎಳ್ಳಮಾವಾಸ್ಯೆಗೆ ಮಾತ್ರ ಇಂಡಿಯಿಂದ ಒಂದು ಫೋಟೋ ಬರುತ್ತದೆ. ತೆಗೆಯುವವಳು ಮಹಾದೇವಿ ಇರಬೇಕು, ಪ್ರತಿ ಸಲವೂ ಸ್ವಲ್ಪ ಓರೆ. ಒಂದು ಅಕ್ಷರವೂ ಇರುವುದಿಲ್ಲ. ಬಾವಿಯ ಕಲ್ಲಿನ ಮೆಟ್ಟಿಲು, ಅದರ ಮೇಲೆ ಒಂದು ಜೊತೆ ಚಪ್ಪಲಿ, ಕೆಳಗೆ ಹಸಿರು ನೀರು. ನಾನು ಕನ್ನಡಕ ಹಾಕಿಕೊಂಡು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೀರನ್ನು ನೋಡುತ್ತೇನೆ. ಮನುಷ್ಯರು ಯಾರೂ ಕಾಣುವುದಿಲ್ಲ. ಅಂಚಿನಲ್ಲಿ ಅಲೆಯ ಬಳೆಗಳು ಮಾತ್ರ, ಯಾರೋ ಈಗತಾನೇ ಆಚೆ ದಡಕ್ಕೆ ಈಜಿ ಹೋದ ಹಾಗೆ.